ಇಪ್ಪತ್ತೇಳು ಇಂಚು

"ಹನ್ನೆರಡು ಸಾವಿರಕ್ಕೆ ಕೊಡೋದಾದ್ರೆ ಕೊಡು, ಇಲ್ಲಾಂದ್ರೆ ಪಕ್ಕದ ಅಂಗಡಿ ಇದೆ" ಎಂದು ತನಗೆ ಬರುವ ಅರೆಬರೆ ತಮಿಳಿನಲ್ಲಿ ಹೇಳಿ ಕಲಾವತಿ ಹೊರಡುವವಳ ಹಾಗೆ ಕೈಚೀಲ ಹೆಗಲಿಗೇರಿಸಿದಳು. ಹೊರಡುವ ಇರಾದೆ ಅವಳಿಗೆ ಚೂರೂ ಇರಲಿಲ್ಲ. ಎಂಟು ವರ್ಷ ಚೆನ್ನೈನ ವೇಲಚೇರಿಯಲ್ಲಿದ್ದು ಅವಳು ಕಲಿತ ತಮಿಳೆಲ್ಲ ಚೌಕಾಸಿಯ ತಮಿಳೇ. ಮಿಕ್ಕ ಮಾತಿಗೆ ಅದು ಸಾಲದಿದ್ದರೂ ಚೌಕಾಸಿಗೆ ಎಂದೂ ಕಡಿಮೆ ಬಿದ್ದದ್ದಿಲ್ಲ.

ಅಂಗಡಿಯವನು ಮಾನಿಟರಿನ ಬೆನ್ನಿನ ಮೇಲಿದ್ದ ಸಣ್ಣ ಗೀರನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಇಪ್ಪತ್ತೇಳು ಇಂಚಿನದು, ಸ್ವಲ್ಪ ಒಳಕ್ಕೆ ಬಾಗಿದ ಪರದೆ. ಪ್ರದರ್ಶನಕ್ಕೆ ಇಟ್ಟಿದ್ದು, ಇಲ್ಲದಿದ್ದರೆ ಹದಿನೈದರ ಕೆಳಗೆ ಇಳಿಯುವ ಮಾಲಲ್ಲ. "ಸರಿ ಮ್ಯಾಡಮ್, ಎಡುತ್ತುಕ್ಕೋಂಗ" ಎಂದ, ಮುಖ ಸಪ್ಪೆ ಮಾಡಿಕೊಂಡು. ತೆಗೆದುಕೊಳ್ಳಿ ಎನ್ನುವ ಆ ಮಾತು ಕಲಾವತಿಗೆ ಪಾಯಸ ಕುಡಿದಷ್ಟು ಹಿತವಾಯಿತು.

ಮಗ ತೇಜು ಇಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜಿನ ಗೇಮಿಂಗ್ ತಂಡದಲ್ಲಿದ್ದ. ಮುಂದಿನ ತಿಂಗಳು ದೊಡ್ಡ ಪಂದ್ಯ. ಮನೆಯಲ್ಲಿದ್ದದ್ದು ಅವನಪ್ಪ ಅಂದಾನಿಯ ಕಾರ್ಖಾನೆಯವರು ಬೇಡವೆಂದು ಕೊಟ್ಟ ಹಳೇ ಮಾನಿಟರು. ಅದರಲ್ಲಿ ಕತ್ತಲೆಯ ದೃಶ್ಯ ಬಂದರೆ ಒಂದೂ ಕಾಣುವುದಿಲ್ಲ ಎಂದು ಆರು ತಿಂಗಳಿಂದ ಹುಡುಗನ ಗೋಳು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಸಂಸಾರ ಅದು. ಹನ್ನೆರಡರ ಮೇಲೆ ಒಂದು ಪೈಸೆಯೂ ಇಲ್ಲ ಎಂದು ಅಂದಾನಿ ಕಡ್ಡಿ ಮುರಿದಂತೆ ಹೇಳಿದ್ದ.

ಹೀಗೆ ತಾಯಿ ಮಗ ಬಸ್ಸು ಹಿಡಿದು ಕಂಪ್ಯೂಟರ್ ಅಂಗಡಿಗಳ ರಿಚ್ಚಿ ಸ್ಟ್ರೀಟಿಗೆ ಬಂದಿದ್ದರು. ಮಧ್ಯಾಹ್ನದ ಉರಿಬಿಸಿಲಿನಿಂದ ಒಳಗೆ ಬಂದು ಅಂಗಡಿಯ ಮೆಟ್ಟಿಲು ಹತ್ತುವಾಗ ತೇಜು ಎರಡು ಸಲ ಎಡವಿದ್ದ. "ಕಣ್ಣು ಕಾಣಕ್ಕಿಲ್ವಾ ನಿಂಗೆ?" ಎಂದು ಅವಳು ರೂಢಿಯಂತೆ ಗದರಿಸಿದ್ದಳು. "ಲೈಟೇ ಇಲ್ಲಮ್ಮಾ" ಎಂದಿದ್ದ. ತಲೆಯ ಮೇಲೆ ಒಂದು ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು.

"ಕೂತ್ಕೊಂಡು ಆಡಿ ನೋಡ್ಲಾ ಮಗಾ" ಎಂದಳು ಈಗ, ಗೆದ್ದ ಹುಮ್ಮಸ್ಸಿನಲ್ಲಿ. ಅಂಗಡಿಯವನು ಅವನ ಆಟವನ್ನೇ ಹಾಕಿಕೊಟ್ಟ. ತೇಜು ಕುರ್ಚಿ ಎಳೆದುಕೊಂಡು ಮೌಸ್ ಹಿಡಿದ. ಪರದೆಯ ಮೇಲೆ ಪಾಳುಬಿದ್ದ ಗೋದಾಮು, ಅದರೊಳಗೆ ಬಂದೂಕು ಹಿಡಿದ ಒಂದು ಜೋಡಿ ಕೈ. ಅರ್ಧ ನಿಮಿಷವೂ ಆಗಿರಲಿಲ್ಲ, ಗುಂಡು ಬಿತ್ತು, ಪರದೆ ಕೆಂಪಾಯಿತು.

"ತಂಬಿ, ಲೆಫ್ಟ್‌ಲ ನಿಂತಿದ್ದನಲ್ಲಪ್ಪಾ!" ಎಂದು ಅಂಗಡಿಯವನು ತನಗೆ ಗೊತ್ತಿದ್ದ ಕನ್ನಡ ಸೇರಿಸಿ ನಕ್ಕ.

ಎರಡನೇ ಸಲ ಬಲಗಡೆಯಿಂದ ಬಂದವನು ಕೊಂದ. ಆಟದ ಗಂಧಗಾಳಿ ಇಲ್ಲದ ಕಲಾವತಿಗೂ ಅವನು ಬರುವುದು ಕಂಡಿತ್ತು. ಕಂಬದ ಪಕ್ಕದಿಂದ ಆರಾಮವಾಗಿ, ಸಂತೆಗೆ ಹೊರಟವನ ಹಾಗೆ ನಡೆದು ಬಂದಿದ್ದ.

"ಅಮ್ಮಾ, ಇದು ಬೇಡ. ಟೂ ಬಿಗ್."

"ಅಯ್ ನಿನ್ನ! ಮೂರು ಸಾವಿರ ಇಳಿಸಿವ್ನಿ, ಬೇಡ ಅಂತೀಯಲ್ಲೋ!"

"ಕಾರ್ನರ್ಸ್ ಕಾಣಲ್ಲಮ್ಮಾ ಇದ್ರಲ್ಲಿ. ಕರ್ವ್ ಇದೆಯಲ್ಲ, ಅದಕ್ಕೆ."

ಚಪ್ಪಟೆ ಪರದೆಯ ಇಪ್ಪತ್ನಾಲ್ಕು ಇಂಚಿನದನ್ನು ತಂದಿಟ್ಟರು. ಅದರಲ್ಲೂ ಮೂರು ಸಲ ಸತ್ತ. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದಿದ್ದ, ಯಾರೂ ಕೇಳದ ಒಂದು ಚಿಕ್ಕ ಮಾನಿಟರನ್ನು ತೇಜುವೇ ಎತ್ತಿ ತಂದ. ಅದನ್ನು ತೋಳಿನಷ್ಟು ದೂರ ಸರಿಸಿಟ್ಟುಕೊಂಡು ಆಡಿದ. ಒಬ್ಬನನ್ನು ಹೊಡೆದ, ಇನ್ನೊಬ್ಬನನ್ನು ಹೊಡೆದ. "ಇದು ಪೋದುಂ ಅಮ್ಮಾ. ಇದ್ರಲ್ಲಿ ಎಲ್ಲಾ ಕಾಣತ್ತೆ" ಎಂದು ಅವನು ತಿರುಗಿ ನಕ್ಕಾಗ ಅವನ ಮುಖ ಅರಳಿತ್ತು. ಬೆಲೆ ಎಂಟು ಸಾವಿರ.

ನಾಲ್ಕು ಸಾವಿರ ಉಳಿಯಿತು! ಕಲಾವತಿ ಆಗಲೇ ಗಂಡನಿಗೆ ಫೋನು ಹಚ್ಚಿದಳು.

"ಮಾವಾ, ಎಂಟ್ರಲ್ಲೇ ಆಯ್ತದೆ ಕಣ್ ಮಾವ. ಚಿಕ್ಕದೇ ಸಾಕು ಅಂತವ್ನೆ."

"ಅಂಗಂದ್ನಾ?" ಅಂದಾನಿಯ ದನಿಯಲ್ಲಿ ಹೆಮ್ಮೆ ಉಕ್ಕಿತು. "ಬುದ್ಧಿ ಬಂದದೆ ಬುಡು ನಮ್ಮ ಹೈದನಿಗೆ."

ಅಷ್ಟರಲ್ಲಿ ಅಂಗಡಿಯವನು ದೊಡ್ಡ ಮಾನಿಟರಿನ ವೈರು ಸುತ್ತುತ್ತ, ಏಳು ವರ್ಷದಿಂದ ಈ ವ್ಯಾಪಾರ ಮಾಡುತ್ತಿದ್ದೇನೆ ಮ್ಯಾಡಮ್ ಎಂದ. ಆಟದ ಹುಡುಗರು ಹೊಟ್ಟೆಗೆ ಕಡಿಮೆ ತಿಂದಾದರೂ ದೊಡ್ಡದನ್ನೇ ಕೇಳುತ್ತಾರೆ. ಮೂಲೆ ಕಾಣುವುದಿಲ್ಲ ಎಂದು ಚಿಕ್ಕದು ಕೇಳಿದವನು ನಿಮ್ಮ ಮಗನೊಬ್ಬನೇ.

ಅವನು ತಮಾಷೆಗೆ ಹೇಳಿದ್ದು. ಕಲಾವತಿಯ ಕಿವಿಯಲ್ಲಿ ಫೋನು ಹಾಗೇ ಉಳಿಯಿತು. ಅಂದಾನಿ ಅತ್ತಲಿಂದ "ಕಲಾ? ಕಲಾ?" ಎನ್ನುತ್ತಿದ್ದ. ಅವಳು ಫೋನಿಟ್ಟಳು.

ಅಂದಾನಿ ಅವಳ ಅವ್ವನ ಒಡಹುಟ್ಟಿದ ತಮ್ಮ. ಮಂಡ್ಯದ ಕಡೆ ಅವರ ಮನೆತನದಲ್ಲಿ ಅಕ್ಕನ ಮಗಳು ಹುಟ್ಟಿದ ದಿನವೇ ತಮ್ಮನಿಗೆಂದು ಹೆಸರಿಡುತ್ತಿದ್ದರು. ಹೊರಗಿನವರಿಗೆ ಕೊಟ್ಟು ಯಾಕೆ ಪೇಚಾಡಬೇಕು, ನಮ್ಮ ಮಗು ನಮ್ಮ ಮನೆಯಲ್ಲೇ ಇರಲಿ ಎಂಬ ಆಸೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವಳ ಬಾಯಲ್ಲಿ ಅವನು ಇನ್ನೂ ಮಾವನೇ. ಆ ಮಾವನ ಅಪ್ಪ, ಅಂದರೆ ಅವಳ ತಾತ, ಇರುಳುಗಣ್ಣಿನವರಾಗಿದ್ದರು. ಮನೆಯಲ್ಲಿ ಅದನ್ನು ಯಾರೂ ಹಾಗೆನ್ನುತ್ತಿರಲಿಲ್ಲ. ಹಾಗೆಂದರೆ ಹೆಣ್ಣು ಕೇಳಿಕೊಂಡು ಬರುವವರು ಹಿಂದಕ್ಕೆ ಹೋಗುತ್ತಾರೆ. ಅಯ್ಯನಿಗೆ ಆಲೆಮನೆ ಹೊಗೆ ಕಣ್ಣಿಗೆ ಹೊಡೆದದೆ ಎನ್ನುತ್ತಿದ್ದರು. ನಲವತ್ತು ತುಂಬುವ ಹೊತ್ತಿಗೆ ತಾತನಿಗೆ ಹಗಲೂ ಹೋಯಿತು.

ತೇಜು ಹೊಟ್ಟೆಯಲ್ಲಿದ್ದಾಗ ಒಂದು ದಿನ ಅವ್ವ ಅವಳ ತಲೆಗೆ ಎಣ್ಣೆ ಹಚ್ಚುತ್ತ ಬಾಯಿ ಬಿಟ್ಟಿದ್ದಳು. ಹಿಂದೊಮ್ಮೆ ಕಣ್ಣಿನ ಕ್ಯಾಂಪಿಗೆ ಬಂದ ಡಾಕ್ಟರು ತಾತನನ್ನು ನೋಡಿ, ಇದು ರಕ್ತದಲ್ಲಿ ಬರುವುದು, ಮನೆಯೊಳಗೇ ಕೊಟ್ಟು ತರಬೇಡಿ ಎಂದಿದ್ದರಂತೆ. "ಮೊದಲು ನೋಟದ ಅಂಚು ಹೋಯ್ತದಂತೆ ಕಣವ್ವ, ಆಮೇಲೆ ನಡುಮಧ್ಯವೂ." ಹೇಳಿದ್ದೇ ತಡ, ಅವ್ವ ಥೂ ಥೂ ಎಂದು ಉಗಿದು, ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದಳು. ಕಲಾವತಿಯೂ ಬಿಟ್ಟಿದ್ದಳು. ಮಗು ಗುಂಡುಗುಂಡಾಗಿ ಹುಟ್ಟಿ, ದೀಪ ನೋಡಿ ಕೇಕೆ ಹಾಕಿ ನಗುತ್ತಿದ್ದಾಗ ಯಾವ ತಾಯಿಗೆ ಅದು ನೆನಪಿರುತ್ತದೆ?

ಈಗ ನೆನಪಾಯಿತು. ಮನೆಯ ಹಳೇ ಮಾನಿಟರಿನಲ್ಲಿ ಕತ್ತಲೆ ದೃಶ್ಯ ಕಾಣುವುದಿಲ್ಲ ಎಂದು ಅವನು ಗೋಳಾಡಿದಾಗೆಲ್ಲ ಅವಳು ಹಿಂದಿನಿಂದ ಇಣುಕಿದ್ದಳು. ಕಾಣುತ್ತಿತ್ತು. ಗೋಡೆ ಮರೆಯ ಮನುಷ್ಯ, ಅವನ ಟೋಪಿ, ಎಲ್ಲ. ಇದೆಲ್ಲ ಆಡುವವರಿಗೆ ಗೊತ್ತು ಎಂದು ಸುಮ್ಮನಾಗಿದ್ದಳು. ಪಕ್ಕದಲ್ಲಿಟ್ಟ ಲೋಟಗಳನ್ನು ಉರುಳಿಸಿದ್ದಕ್ಕೆಲ್ಲ ಬೈದಿದ್ದಳು. ತನ್ನ ಬಾಯಿಗೆ ಬೆಂಕಿ ಬೀಳಲಿ ಎಂದುಕೊಂಡಳು.

ಇಲ್ಲ, ಹಾಗಿರಲಾರದು. ಹುಡುಗ ಆಟದ ಗುಂಗಿನಲ್ಲಿದ್ದ, ಅಷ್ಟೇ.

"ಮಗಾ, ಆಟ ನಿಲ್ಲಿಸು" ಎಂದಳು. "ಆ ಪರದೆ ನಡುಮಧ್ಯ ನೋಡ್ತಾ ಕೂತಿರು. ಅತ್ತಿತ್ತ ತಿರುಗಬ್ಯಾಡ. ನಾ ಹಿಂದಿಂದ ಕೈ ತತ್ತೀನಿ. ಕಂಡ ತಕ್ಷಣ ಹೇಳು."

"ಎನ್ನಮ್ಮಾ ಇದು ವಿಳಯಾಟ್ಟು, ಇದೆಂಥ ಆಟ?" ಎಂದು ಅವನು ನಕ್ಕ. ಆದರೂ ಮಾತು ಕೇಳುವ ಮಗ. ನೆಟ್ಟಗೆ ಕೂತ.

ಅಂಗಡಿಯವನು ಬಿಲ್ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಕಾದು ನಿಂತ. ಕಲಾವತಿ ಮಗನ ಬೆನ್ನ ಹಿಂದೆ ನಿಂತು, ಎಡಗೈಯನ್ನು ಅವನ ಕಿವಿಯ ಮಟ್ಟಕ್ಕೆ ಎತ್ತಿ ಒಂದು ಮೊಳ ದೂರ ಹಿಡಿದಳು. ಬಳೆ ಸದ್ದಾಗದಂತೆ ಅವನ್ನು ಮೊಣಕೈವರೆಗೂ ಏರಿಸಿಕೊಂಡಿದ್ದಳು. ಬೆರಳು ಆಡಿಸುತ್ತ ಕೈಯನ್ನು ಮೆಲ್ಲನೆ ಮುಂದೆ ತಂದಳು. ಕಿವಿ ದಾಟಿತು. ಇನ್ನೂ ಸ್ವಲ್ಪ ಮುಂದೆ ತಂದಳು. ಹೇಳು, ಈಗ ಹೇಳು ಎಂದು ಮನಸ್ಸಿನಲ್ಲೇ ಕೂಗುತ್ತಿದ್ದಳು. ಅಂಗಡಿಯವನ ನಗು ಹೋಗಿತ್ತು. ಅವನು ಅವಳ ಕೈಯನ್ನೂ ಹುಡುಗನ ಮುಖವನ್ನೂ ನೋಡುತ್ತಿದ್ದ.

"ಬೇಗ ಶುರು ಮಾಡಮ್ಮಾ" ಎಂದ ತೇಜು.

ಅವಳ ಕೈ ಆಗಲೇ ಅವನ ಕೆನ್ನೆಯನ್ನು ದಾಟಿ ಮುಂದೆ ಬಂದಿತ್ತು. ಬೆರಳುಗಳು ಇನ್ನೂ ಆಡುತ್ತಿದ್ದವು.