ದಪ್ಪ ಟೈರು, ಹಗುರ ಕೈ

ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವಳಿಗೆ ಲ್ಯಾಬಿನಲ್ಲಿ ಹಗುರಕೈ ಅಂತಲೇ ಹೆಸರು ಬಿದ್ದಿತ್ತು. ಸೂಜಿ ಹೊರಗೆ ಬಂದ ಮೇಲೂ 'ಯಾವಾಗ ಚುಚ್ತೀರಿ' ಅಂತ ಕೇಳಿದವರು ಎಷ್ಟೋ ಜನ. ಹೊಗಳಿದರೆ ನಾಚಿಕೊಳ್ಳುವ ಪೈಕಿ ಅಲ್ಲ ಅವಳು. ಹೌದು, ನನ್ನ ಕೈ ಹಗುರ, ಏನೀಗ ಅನ್ನುವ ಪೈಕಿ. ಅಂಥವಳು ಸಾಲಾಗಿ ಮೂರು ವಾರ ಒಂದೇ ಮಾತು ಕೇಳಿಸಿಕೊಳ್ಳಬೇಕಾಯಿತು.

"ನಿನ್ನ ಕೈ ಭಾರ ಆಗಿದೆ ಕಣೆ."

ಹಾಗೆ ಅಂದವರು ಹೆಡ್‌ಮೇಡಂ. ಶಾಲೆಯಿಂದ ನಿವೃತ್ತಿಯಾಗಿ ಇಪ್ಪತ್ತು ವರ್ಷವಾದರೂ ಹೆಡ್‌ಮೇಡಂಗಿರಿಯಿಂದ ನಿವೃತ್ತರಾದವರಲ್ಲ. ಕಿಡ್ನಿ ತೊಂದರೆ, ಪ್ರತಿ ಗುರುವಾರ ರಕ್ತ ಕೊಡಬೇಕು. ನರಗಳೋ ದಾರದ ಹಾಗೆ, ಬೆರಳಿಗೆ ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿಕೊಳ್ಳುತ್ತವೆ. ಬೇರೆಯವರು ನಾಲ್ಕು ಕಡೆ ಚುಚ್ಚಿ ಕೈಬಿಟ್ಟ ತೋಳು ಅದು. ಅವರ ಮನೆಯದು ಒಂದೇ ಕಾನೂನು: ಬೆಳಿಗ್ಗೆ ಏಳಕ್ಕೆ ಮೊದಲು ಬಾಗಿಲು ತೆಗೆಯುವುದಿಲ್ಲ. ಹಾಲಿನವನಿರಲಿ, ಸ್ವಂತ ತಂಗಿಯೇ ಬರಲಿ, ಏಳು ಹೊಡೆಯುವ ತನಕ ಮೆಟ್ಟಿಲ ಮೇಲೆ ಕಾಯಬೇಕು.

ರಕ್ತದ ಟ್ಯೂಬನ್ನು ಲ್ಯಾಬಿನಲ್ಲಿ ಮೆಷಿನ್ನಿಗೆ ಹಾಕಿ ತಿರುಗಿಸುತ್ತಾರೆ. ಕೆಂಪು ತಳಕ್ಕೆ ಇಳಿದು ಮೇಲೆ ಹಳದಿ ತಿಳಿ ನಿಲ್ಲಬೇಕು. ಒಳಗಿನ ಕಣಗಳು ಒಡೆದಿದ್ದರೆ ಆ ತಿಳಿಯೂ ಕೆಂಪಾಗುತ್ತದೆ, ಪರೀಕ್ಷೆಗೆ ಬರುವುದಿಲ್ಲ, ಮತ್ತೆ ಚುಚ್ಚಬೇಕು. ಹೆಡ್‌ಮೇಡಂ ಟ್ಯೂಬು ಮೂರು ಗುರುವಾರವೂ ಕೆಂಪಾಗಿ ಬಂತು. ಮೂರು ಶುಕ್ರವಾರವೂ ಅವಳು ಮಧ್ಯಾಹ್ನ ಬಿಡುವಾಗುವ ಲ್ಯಾಬಿನ ಕಾರಿನಲ್ಲಿ ಹೋಗಿ, ತಲೆ ತಗ್ಗಿಸಿಕೊಂಡು, ಅದೇ ತೋಳಿಗೆ ಇನ್ನೊಮ್ಮೆ ಚುಚ್ಚಿ ಬಂದಳು. ಶುಕ್ರವಾರದ್ದು ಸರಿಯಾಗಿಯೇ ಬರುತ್ತಿತ್ತು. ಅವತ್ತು ಹೆಚ್ಚು ಜೋಪಾನ ಮಾಡಿದ್ದಕ್ಕೆ ಸರಿ ಬಂತು ಅಂದುಕೊಂಡಳು. ಕೈಯ ಮೇಲೆ ಅಷ್ಟು ಜಂಬ ಇದ್ದವರಿಗೆ ಒಳ್ಳೆಯದಾದರೂ ಕೈಯೇ ಕಾಣುತ್ತದೆ, ಕೆಟ್ಟರೂ ಕೈಯೇ ಕಾಣುತ್ತದೆ.

ಲ್ಯಾಬಿನ ಇನ್‌ಚಾರ್ಜು ಸುತ್ತುಬಳಸಿ ಮಾತಾಡುವ ಆಸಾಮಿಯಲ್ಲ. "ಈ ಗುರುವಾರ ಹಳದಿ ಬರಬೇಕು, ಒಂಬತ್ತರೊಳಗೆ ಬರಬೇಕು. ಎರಡರಲ್ಲಿ ಒಂದು ತಪ್ಪಿದ್ರೂ ಗುರುವಾರದ ರೌಂಡು ಮೋಟರ್‌ಬೈಕಿನವನಿಗೆ."

ಮೋಟರ್‌ಬೈಕಿನವನು ಲ್ಯಾಬಿನಲ್ಲಿ ರಕ್ತ ತೆಗೆಯುವ ಇನ್ನೊಬ್ಬ; ಅವನು ಚುಚ್ಚುವ ಚೆಂದ ಎಲ್ಲರಿಗೂ ಗೊತ್ತಿತ್ತು. ಹೆಡ್‌ಮೇಡಂ ತೋಳು ನೆನೆದು ಅವಳಿಗೆ ಅನ್ನ ಸೇರಲಿಲ್ಲ. ರೌಂಡು ಹೋಗುವುದಕ್ಕಿಂತ, ಕೈ ಭಾರ ಅನ್ನಿಸಿಕೊಂಡು ಹೋಗುವುದು ಅವಳಿಗೆ ಸಾಯುವಷ್ಟು ಅವಮಾನ.

ಸೋಮವಾರ ಸಂಜೆ ಬಾವನ ಸೈಕಲ್ ಅಂಗಡಿಗೆ ಹೋದಳು. ಹೋದದ್ದು ಸೈಕಲ್ಲಿಗಲ್ಲ, ಕನ್ನಡಕದ ಸ್ಕ್ರೂ ಬಿಚ್ಚಿಕೊಂಡಿತ್ತು, ಅದಕ್ಕೆ. ಬಾವ ಎಂದರೆ ಗಂಡನ ಅಣ್ಣ. ಸೈಕಲ್ ಎಂದರೆ ಓಡಬೇಕು, ಓಡದ್ದು ಸೈಕಲ್ಲೇ ಅಲ್ಲ ಅನ್ನುವ ಮನುಷ್ಯ.

"ಮತ್ತೆ ಬಿಚ್ಕೊಳ್ತಾ? ಇದು ನಾಲ್ಕನೇ ಸಲ," ಅಂದರು ಬಾವ, ಸಣ್ಣ ಸ್ಕ್ರೂಡ್ರೈವರ್ ಹುಡುಕುತ್ತಾ.

"ಮೊದಲು ಹೀಗಾಗ್ತಿರ್ಲಿಲ್ಲ ಬಾವ." ಅಷ್ಟು ಹೇಳಿ ಅವಳು ಬಾಗಿಲಿಗೆ ಒರಗಿಸಿದ್ದ ತನ್ನ ಮಡಚುವ ಸೈಕಲ್ ನೋಡಿದಳು. "ಈ ಟೈರು ಹಾಕಿ ಎಷ್ಟು ದಿನ ಆಯ್ತು?"

"ರೈಲಿನ ಟೈಮು ಬದಲಾಯ್ತಲ್ಲ, ಆಗ. ಮೂರು ವಾರ."

ರಕ್ತ ತೆಗೆದುಕೊಂಡು ಲ್ಯಾಬಿಗೆ ಹೋಗಲು ಮೊದಲು ಎಂಟೂ ಕಾಲಿಗೆ ಒಂದು ರೈಲಿತ್ತು. ಅದನ್ನು ಎಂಟೂ ಐದಕ್ಕೆ ಎಳೆದರು. ಅದು ತಪ್ಪಿದರೆ ಮುಂದಿನದು ಒಂಬತ್ತರ ಮೇಲೆ. ಮಡಚಿದ ಸೈಕಲ್ಲಿಗೆ ಮಾತ್ರ ರೈಲಿನೊಳಗೆ ಜಾಗ, ಹಾಗಾಗಿ ಬೇರೆ ಸೈಕಲ್ ಮಾತಿಲ್ಲ. ಆಗ ಬಾವ ಹಳೆಯ ದಪ್ಪ ಟೈರು ಕಿತ್ತು, ಬೆರಳುಗಾತ್ರದ ಟೈರು ಹಾಕಿ, ಕಲ್ಲಿನ ಹಾಗೆ ಗಾಳಿ ತುಂಬಿ ಕೊಟ್ಟಿದ್ದರು. ಏಳು ನಿಮಿಷ ಉಳಿಯಿತು. ಬೆನ್ನು ನೋಯುತ್ತಿತ್ತು, ಅಂಗೈ ಜುಮ್ಮೆನ್ನುತ್ತಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೆಡ್‌ಮೇಡಂ ಮನೆಯಿಂದ ಈಚೆಗೆ ಬರಬೇಕೆಂದರೆ ಕಲ್ಲು ಹಾಸಿದ ಬೀದಿ ಪೂರ್ತಿ ದಾಟಬೇಕು. ಗುರುವಾರದ ರೌಂಡಿನ ಉಳಿದ ಎರಡು ಮನೆ ಬೀದಿಯ ಈಚೆಗೆ, ಸ್ಟೇಷನ್ನಿನ ದಾರಿಯಲ್ಲಿದ್ದವು, ಅವರ ಸರದಿ ಆಮೇಲೆ. ಆ ಮನೆಗಳ ಟ್ಯೂಬು ಒಂದು ಸಲವೂ ಕೆಂಪಾಗಿರಲಿಲ್ಲ. ಸ್ಕ್ರೂ ಬಿಚ್ಚುವ ಕುಲುಕಾಟಕ್ಕೆ ಟ್ಯೂಬಿನೊಳಗಿನ ಕಣ ಒಡೆಯದೆ ಇದ್ದೀತೇ?

"ಬಾವ, ತೋಳು ಕೊಡಿ," ಅಂದಳು.

"ನನ್ನದ್ಯಾಕೆ?"

"ಟೈರು ನಿಮ್ಮದು, ಅದಕ್ಕೆ."

ಆರಡಿ ಎತ್ತರದ ಮನುಷ್ಯ, ಸೂಜಿ ಕಂಡದ್ದೇ ಸ್ಟೂಲಿನ ಮೇಲೆ ಕುಸಿದು ಗೋಡೆ ಕಡೆ ಮುಖ ತಿರುಗಿಸಿದರು. ಒಂದೇ ಸಲ ಚುಚ್ಚಿ ಎರಡು ಟ್ಯೂಬು ತುಂಬಿದಳು. ಒಂದನ್ನು ಮೇಜಿನ ಮೇಲೆ ನಿಲ್ಲಿಸಿದಳು. ಇನ್ನೊಂದನ್ನು ಬ್ಯಾಗಿಗಿಟ್ಟು, ಗುರುವಾರ ಓಡಿಸುವ ಹಾಗೇ ಕಲ್ಲುಬೀದಿಯಲ್ಲಿ ಸೈಕಲ್ ಓಡಿಸಿಕೊಂಡು ಬಂದಳು. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಎರಡು ಗಂಟೆ ಕಾದರು. ಬಾವ ಅಷ್ಟು ಹೊತ್ತೂ ತಮ್ಮ ರಕ್ತಕ್ಕೆ ಕಾವಲು ಕೂತಂತೆ ಕೂತಿದ್ದರು. ಬಂದ ಗಿರಾಕಿಯನ್ನೂ ನಾಳೆ ಬಾ ಅಂತ ಸಾಗಹಾಕಿದರು.

ಮೇಜಿನ ಮೇಲಿದ್ದದ್ದರ ತಿಳಿ ಹಳದಿ. ಬೀದಿ ಸುತ್ತಿ ಬಂದದ್ದರ ತಿಳಿ ಕೆಂಪು.

ಬಾವ ಎರಡನ್ನೂ ಬಲ್ಬಿಗೆ ಹಿಡಿದು ನೋಡಿದರು. ಆಮೇಲೆ, "ಚಕ್ರ ಸಣ್ಣದು. ದೊಡ್ಡ ಚಕ್ರ ಹಾರಿಕೊಂಡು ಹೋಗೋ ಸಂದಿಗೆಲ್ಲ ಇದು ಇಳಿದು ಹತ್ತುತ್ತೆ. ಆ ಪೆಟ್ಟು ತಿನ್ನೋಕೆ ಟೈರಲ್ಲಿ ಗಾಳಿಗೆ ಜಾಗ ಇರ್ಬೇಕಿತ್ತು, ನಾನು ಅದನ್ನೇ ತೆಗೆದುಬಿಟ್ಟೆ," ಅಂದರು.

"ಇದರಲ್ಲೇ ಗಾಳಿ ಕಮ್ಮಿ ಮಾಡಿದ್ರೆ?"

"ರಿಮ್ಮು ಕಲ್ಲಿಗೆ ಬಡಿಯುತ್ತೆ. ಅರ್ಧ ದಾರೀಲಿ ಪಂಕ್ಚರ್."

ಹಳೆಯ ಟೈರುಗಳನ್ನು ಅಟ್ಟದಿಂದ ಇಳಿಸಿ ಅವರೇ ಹಾಕಿದರು. ಬೆರಳಿಂದ ಒತ್ತಿದರೆ ಚೂರು ತಗ್ಗುವಷ್ಟೇ ಗಾಳಿ. ಬುಧವಾರ ಅವಳು ದಾರಿ ಅಳೆದಳು. ಸೈಕಲ್ ತೊಟ್ಟಿಲಂತೆ ಹೋಯಿತು, ಬೆನ್ನು ಉಸ್ಸಪ್ಪಾ ಅಂದಿತು, ಗಡಿಯಾರ ಮಾತ್ರ ಸುಳ್ಳು ಹೇಳಲಿಲ್ಲ. ಏಳು ನಿಮಿಷ ಹೆಚ್ಚಾಗಿತ್ತು. ಏಳಕ್ಕೆ ಬಾಗಿಲು ತೆಗೆದರೆ ಎಂಟೂ ಐದರ ರೈಲು ಸಿಕ್ಕುವುದಿಲ್ಲ. ಹಳದಿ ಸಿಕ್ಕಿತು, ಒಂಬತ್ತು ತಪ್ಪಿತು.

ಹೆಡ್‌ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದಳು. ಟೈರಿನ ವಿಷಯ, ಬಾವನ ರಕ್ತದ ವಿಷಯ, ರೈಲಿನ ವಿಷಯ. "ನಾಳೆ ಒಂದು ಹತ್ತು ನಿಮಿಷ ಮುಂಚೆ ಬರಲಾ ಮೇಡಂ?"



"ನನ್ನ ಮನೇಲಿ ಏಳಕ್ಕೆ ಅಂದ್ರೆ ಏಳಕ್ಕೆ," ಅಂದು ಅವರು ಫೋನಿಟ್ಟರು.

ಗುರುವಾರದ ಟ್ಯೂಬು ಹಳದಿ ಬಂತು. ಒಂಬತ್ತಕ್ಕೆ ಇನ್ನೂ ಹನ್ನೊಂದು ನಿಮಿಷ ಇತ್ತು. ಇನ್‌ಚಾರ್ಜು ಅದನ್ನು ಕಿಟಕಿಗೆ ಹಿಡಿದು ನೋಡಿ ಸ್ಟ್ಯಾಂಡಿಗೆ ಸಿಕ್ಕಿಸಿದ. ರೌಂಡು ಅವಳ ಹತ್ತಿರವೇ ಉಳಿಯಿತು. ಇದನ್ನು ಮೊದಲೇ ಹೇಳಿ ಮುಗಿಸಿಬಿಟ್ಟೆ, ಯಾಕೆಂದರೆ ನಾನು ಹೇಳಬೇಕೆಂದಿದ್ದು ಅದಕ್ಕೂ ಮುಂಚಿನದು.

ಅವತ್ತು ಅವಳು ಆರೂ ಐವತ್ತಕ್ಕೇ ಆ ಮನೆ ಮುಂದೆ ಸೈಕಲ್ ಇಳಿದಿದ್ದಳು. ಮೆಟ್ಟಿಲ ಮೇಲೆ ಕೂತು ಕಾಯುವುದು, ರೈಲು ಹೋದರೆ ಹೋಗಲಿ, ರೌಂಡು ಹೋದರೂ ಹೋಗಲಿ, ಕೊನೇ ಸಲ ಆ ತೋಳಿಗೆ ಒಂದೇ ಒಂದು ಬಾರಿ ಚುಚ್ಚಿ ಹಳದಿ ತೋರಿಸಿಬಿಡುವುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ನೋಡಿದರೆ ಬಾಗಿಲು ತೆರೆದಿತ್ತು.

ಹೆಡ್‌ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ರವಿಕೆಯ ತೋಳು ಮಡಚಿ, ನರ ಮೇಲೆ ಬರಲೆಂದು ಬಿಸಿನೀರಲ್ಲಿ ಹಿಂಡಿದ ಟವೆಲ್ ಸುತ್ತಿಕೊಂಡಿದ್ದರು. ಟವೆಲಿನಿಂದ ಇನ್ನೂ ಹಬೆ ಏಳುತ್ತಿತ್ತು.

"ಮೇಡಂ, ಇನ್ನೂ ಹತ್ತು ನಿಮಿಷ..." ಅನ್ನುತ್ತಾ ಅವಳು ತನ್ನ ಕೈಗಡಿಯಾರ ನೋಡಿದಳು, ಆಮೇಲೆ ಗೋಡೆ ನೋಡಿದಳು. ಗೋಡೆಯ ಗಡಿಯಾರದಲ್ಲಿ ಸರಿಯಾಗಿ ಏಳು ಗಂಟೆ. ಕೆಳಗೆ, ಅದನ್ನು ಮುಟ್ಟಲು ಎಳೆದ ಸ್ಟೂಲು ಇನ್ನೂ ಅಲ್ಲೇ ಇತ್ತು.

ಅವಳಿಗೆ ಕಣ್ಣು ತುಂಬಿ ಬಂತು. ಗ್ಲೌಸು ಹಾಕಿಕೊಳ್ಳುವ ನೆಪದಲ್ಲಿ ಮುಖ ತಗ್ಗಿಸಿದಳು.

"ನಿಂತು ಏನು ನೋಡ್ತೀಯೆ," ಅಂದರು ಹೆಡ್‌ಮೇಡಂ, ಟವೆಲ್ ಬಿಚ್ಚಿ ತೋಳು ಚಾಚುತ್ತಾ. "ಏಳಾಯ್ತಲ್ಲ, ಚುಚ್ಚು."