ಹಳೆಯ ಬೆಲ್ಟಿನ ತಾಳ

ಮಂಗಳವಾರ ಬೆಳಿಗ್ಗೆ 10.20ಕ್ಕೆ ರುದ್ರಾಣಿ ಜಗಳೂರು ಸಮೀಪದ ಹಿಟ್ಟಿನ ಗಿರಣಿಗೆ ಬಂದಾಗ ಯಂತ್ರ ಓಡುತ್ತಿತ್ತು. ಟಪ್ ಎನ್ನುವ ಸದ್ದು ಮಾತ್ರ ಇರಲಿಲ್ಲ.

ಆ ಸದ್ದಿಗಾಗಿಯೇ ಅವಳು ನ್ಯಾಮತಿಯಿಂದ ಮೂರು ಬಸ್ಸು ಬದಲಿಸಿ ಬಂದಿದ್ದಳು. ಕೆಂಚೇಶ್ ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡು ಚನ್ನಗಿರಿಯಿಂದ ಬೈಕಿನಲ್ಲಿ ಬಂದಿದ್ದ. ‘ನುಚ್ಚು’ ಎಂಬ ಪಂಕ್ ಬ್ಯಾಂಡ್ ಎಂದರೆ ಇವರಿಬ್ಬರೇ. ಅದಕ್ಕೆ ಡ್ರಮ್ ಬಾರಿಸುವವರು ಯಾವತ್ತೂ ಇರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅವರು ‘ಪಾಳಿ’ ಎಂಬ ಹಾಡನ್ನು ಇದೇ ಗಿರಣಿಯಲ್ಲಿ ಮೊಬೈಲಿನಲ್ಲಿ ಹಿಡಿದಿದ್ದರು. ಗಿರಣಿ ಕೆಂಚೇಶನ ಚಿಕ್ಕಪ್ಪ ದುರುಗಣ್ಣನದು. ಯಂತ್ರದ ಉದ್ದನೆಯ ಬೆಲ್ಟಿನ ಎರಡು ತುದಿಗಳನ್ನು ಕಬ್ಬಿಣದ ಕ್ಲಿಪ್ಪು ಹಾಕಿ ಜೋಡಿಸಿದ್ದರು. ಸುತ್ತಿಗೊಮ್ಮೆ ಕ್ಲಿಪ್ಪು ಗಾಲಿಗೆ ಬಡಿಯುತ್ತಿತ್ತು, ನಿಮಿಷಕ್ಕೆ ಸುಮಾರು ನೂರು ಸಲ. ಕಾಳಿನ ಭಾರ ಹೆಚ್ಚಾದಾಗ ಬೆಲ್ಟು ಜಾರಿ ತಾಳ ಕುಸಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಒಂದು ನಿಮಿಷ ಐವತ್ತೆರಡು ಸೆಕೆಂಡಿಗೆ ಮೊಬೈಲಿನ ಮೆಮೊರಿ ತುಂಬಿ ಹಾಡು ಅರ್ಧಕ್ಕೇ ನಿಂತಿತ್ತು.

ಅರ್ಧ ಹಾಡೇ ಫೋನಿನಿಂದ ಫೋನಿಗೆ ಹೋಯಿತು. ಬೆಂಗಳೂರಿನಲ್ಲಿ, ಪುಣೆಯಲ್ಲಿ, ಹೆಸರು ಗೊತ್ತಿಲ್ಲದ ಊರುಗಳ ನೆಲಮಾಳಿಗೆಗಳಲ್ಲಿ ಹುಡುಗರು ಆ ಕುಸಿಯುವ ತಾಳವನ್ನು ಡ್ರಮ್ಮಿನಲ್ಲಿ ಕಲಿತರು. ಅದು ಯಾವ ವಾದ್ಯ ಎಂದು ವಾದ ಮಾಡಿದರು. ಅವರಲ್ಲಿ ಯಾರೂ ‘ನುಚ್ಚು’ ಬ್ಯಾಂಡನ್ನು ಕಂಡಿರಲಿಲ್ಲ.

ಹಾಡಿನ ಕೊನೆಯ ನುಡಿ ರುದ್ರಾಣಿಯ ಗಂಟಲಲ್ಲಿ ಮಾತ್ರ ಇತ್ತು. ಗುರುವಾರ ದಾವಣಗೆರೆಯಲ್ಲಿ ಆ ಗಂಟಲಿಗೆ ಶಸ್ತ್ರಚಿಕಿತ್ಸೆ. ದನಿ ಉಳಿಯುತ್ತದೆ, ಆದರೆ ಇದೇ ದನಿ ಉಳಿಯುತ್ತದೆ ಎಂದು ಹೇಳಲಾರೆ ಎಂದಿದ್ದರು ವೈದ್ಯರು. ಹಾಡನ್ನು ಒಮ್ಮೆ ಪೂರ್ತಿ ಹಾಡಬೇಕಿತ್ತು, ಇಲ್ಲಿ, ಅದೇ ತಾಳಕ್ಕೆ.

“ನೀವು ಬರ್ತೀರಿ ಅಂತ ನಿನ್ನೆನೇ ಹೊಸ ಬೆಲ್ಟು ಹಾಕ್ಸೀನಿ ಕಣವ್ವ,” ಎಂದ ದುರುಗಣ್ಣ. ಅವನ ಹುಬ್ಬು ಹಿಟ್ಟಿನಿಂದ ಬೆಳ್ಳಗಿತ್ತು. “ಹಳೇದು ಒಂದೇ ಸಮ ಬಡ್ಕಂತಿತ್ತು. ನಿಮ್ಮ ಹಾಡಿಗೆ ಅಡ್ಡ ಆಗಬಾರ್ದು ನೋಡು.”

ಕೆಂಚೇಶ್ ಹೇಳಿದ: “ಚಿಕ್ಕಪ್ಪಾ, ಇದ್ದೊಬ್ಬ ಡ್ರಮ್ಮರನ್ನೂ ಕೆಲಸದಿಂದ ತೆಗ್ದುಬಿಟ್ಯಲ್ಲ!”

“ಹಳೇದು ಎಲ್ಲೈತೆ ಚಿಕ್ಕಪ್ಪ?” ಎಂದು ಕೇಳಿದಳು ರುದ್ರಾಣಿ.

“ಪಕ್ಕದ್ಮನೆ ಓಬವ್ವ ಮಂಚ ಹೆಣಿಯಾಕೆ ಒಯ್ದಳು. ಎರಡೆರಡು ಇಂಚಿನ ಪಟ್ಟಿ ಸೀಳ್ಸಿ ಆಯ್ತು.” ಅವನಿಗೆ ಈಗ ಅರ್ಥವಾಗಿತ್ತು. ಟವೆಲ್ಲಿನಿಂದ ಮುಖ ಒರೆಸಿಕೊಂಡ. “ನಂಗೆ ಒಂದ್ ಮಾತು ಹೇಳಬಾರ್ದಾ?”

ರುದ್ರಾಣಿ ಮೂಟೆಯ ಮೇಲೆ ಕುಳಿತಳು. ಕಿಟಕಿಯ ಬಿಸಿಲಿನಲ್ಲಿ ಹಿಟ್ಟು ತೇಲುತ್ತಿತ್ತು; ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವಂತಿರಲಿಲ್ಲ. ನೆಲದ ಮೇಲೆ ಡಬ್ಬಿಗಳು ಸಾಲಾಗಿ ತಮ್ಮ ಒಡತಿಯರ ಬದಲು ನಿಂತಿದ್ದವು. ಹಾಡು ಶುರುವಾಗುತ್ತಿದ್ದುದೂ ಅಲ್ಲಿಂದಲೇ: *ಡಬ್ಬಿ ಇಟ್ಟೀನಿ ಸಾಲ್ನಾಗೆ, ನಾನೇ ಸಾಲ್ನಾಗಿಲ್ಲ.*

ಅವಳು ಕಣ್ಣು ಮುಚ್ಚಿದಳು. ಯಂತ್ರದ ಗುಂಯ್ ಎನ್ನುವ ಸದ್ದು ನೀರಿನಂತೆ ಕಿವಿಯ ಮೇಲೆ ಬಂತು. ಅದರ ತಳದಲ್ಲಿ ಮೆತ್ತಗೆ, ಟಪ್. ಮತ್ತೆ ಟಪ್. ನೆನಪು ಎಂದುಕೊಂಡಳು. ಎಣಿಸಿದಳು. ನೆನಪು ಇಷ್ಟು ಸಮನಾಗಿ ಬರುವುದಿಲ್ಲ.

ಕಣ್ಣು ತೆರೆದಾಗ ದುರುಗಣ್ಣನ ಹೆಂಡತಿ ಉಚ್ಚಂಗೆಮ್ಮ ಎಂದಿನಂತೆ ಯಂತ್ರದ ಬಾಯಿಗೆ ಕಟ್ಟಿದ ಬಟ್ಟೆಯ ಚೀಲವನ್ನು ಅಂಗೈಯಿಂದ ಬಡಿಯುತ್ತ ಕೂತಿದ್ದಳು. ಒಳಗೆ ಅಂಟಿದ ಹಿಟ್ಟು ಹಾಗೆ ಬಡಿದರೇ ಇಳಿಯುವುದು.

“ಚಿಗವ್ವ, ಒಂದೇ ಲೆಕ್ಕಕ್ಕೆ ಹೆಂಗೆ ಬಡೀತೀರಿ?” ಎಂದು ಕೇಳಿದಳು ರುದ್ರಾಣಿ.

“ಬೆಲ್ಟು ಒಂದ್ ಸಲ ಟಪ್ ಅಂದ್ರೆ ನಾನೊಂದು ಬಡೀತಿದ್ದೆ, ಇಪ್ಪತ್ತು ವರ್ಷ. ಈಗ ಅದು ಸುಮ್ನಾಗೈತೆ, ಕೈ ಸುಮ್ನಾಗಿಲ್ಲ.”

ಕೆಂಚೇಶ್ ಆಗಲೇ ಮೊಬೈಲನ್ನು ಚೀಲದ ಮೇಲಿನ ಅಡ್ಡಗಂಬಿಗೆ ಕಟ್ಟುತ್ತಿದ್ದ.

“ಹಾಡ್ಕಳ್ರಿ,” ಎಂದಳು ಸರದಿಯಲ್ಲಿದ್ದ ಬಂಗಾರಮ್ಮ. “ನನ್ ಜೋಳ ಮಾತ್ರ ನಿಲ್ಲಿಸಬ್ಯಾಡ್ರಿ. ಮಧ್ಯಾಹ್ನಕ್ಕೆ ರೊಟ್ಟಿ ಆಗಬೇಕು.”

ದುರುಗಣ್ಣ ಜೋಳ ಸುರಿದ. ಗಿಟಾರು ಕಿರುಚಿತು, ರುದ್ರಾಣಿ ಕೂಗಿದಳು. ಎರಡನೆಯ ನುಡಿಯ ಹೊತ್ತಿಗೆ ಜೋಳದ ಹಿಟ್ಟು ಚೀಲಕ್ಕೆ ಇಳಿದು ಭಾರವಾಯಿತು. ಉಚ್ಚಂಗೆಮ್ಮನ ಕೈ ನಿಧಾನವಾಯಿತು. ತಾಳ ಕುಸಿಯಿತು. ರುದ್ರಾಣಿ ಅದರೊಂದಿಗೆ ಇಳಿದಳು, ಬಿಳಿ ಧೂಳಿನಲ್ಲಿ, ಬಾವಿಯ ಮೆಟ್ಟಿಲು ಇಳಿದಂತೆ. ಕೈ ಮೇಲೆದ್ದಾಗ ತಾನೂ ಎದ್ದಳು. ಈವರೆಗೆ ಯಾರೂ ಕೇಳಿರದ ಕೊನೆಯ ಸಾಲು ಬಂತು: *ಡಬ್ಬಿ ತಗೀರಿ, ನಾನೇ ಬಂದೀನಿ.*

ಹಾಡು ಮೂರು ನಿಮಿಷ ಎಂಟು ಸೆಕೆಂಡು ಇತ್ತು. ಎರಡನೆಯ ಸಲ ಹಾಡಲಿಲ್ಲ. ಬಂಗಾರಮ್ಮ ಹಿಟ್ಟು ಹೊತ್ತು ಹೋದಳು.

ಗುರುವಾರ ಶಸ್ತ್ರಚಿಕಿತ್ಸೆ ನಡೆಯಿತು. ರುದ್ರಾಣಿ ಹತ್ತು ದಿನ ಮಾತನಾಡಬಾರದಿತ್ತು, ಮಾತನಾಡಲಿಲ್ಲ. ಹನ್ನೊಂದನೆಯ ದಿನ ಕೆಂಚೇಶ್ ಹಾಡನ್ನು ಇಂಟರ್‌ನೆಟ್ಟಿಗೆ ಹಾಕಿದ. ಡ್ರಮ್ಸ್ ಎಂಬಲ್ಲಿ ಉಚ್ಚಂಗೆಮ್ಮ ಎಂದು ಬರೆದ.