ಅಮ್ಮನ ಫೋಟೋ ಮತ್ತು ಕೆಂಪು ಬಿಲ್ಲೆ

ಅಮ್ಮ ಸತ್ತ ಹದಿನೈದನೇ ದಿನಕ್ಕೆ ಕಾರ್ಖಾನೆಯವರು ಅವಳನ್ನು ದೇವತೆ ಮಾಡಿದರು. ಅದುವರೆಗೂ ಅವಳು ಅಂಗಿಗೆ ಕಾಲರ್ ಕೂರಿಸುವವಳಾಗಿದ್ದಳು, ಅಷ್ಟೆ.

ಆ ಕೆಲಸದ ಸಂಗತಿ ಮೊದಲು ಹೇಳಿಬಿಡುತ್ತೇನೆ. ನಮ್ಮದು ಅಂಗಿ ಹೊಲಿಯುವ ಕಾರ್ಖಾನೆ. ತಗಡಿನ ಛಾವಣಿಯ ಕೆಳಗೆ ನಲವತ್ತು ಹೊಲಿಗೆ ಯಂತ್ರ, ನಲವತ್ತು ಹೆಂಗಸರು. ಒಬ್ಬಳು ತೋಳು ಜೋಡಿಸುತ್ತಾಳೆ, ಒಬ್ಬಳು ಜೇಬು, ಇನ್ನೊಬ್ಬಳು ಕಾಲರ್. ನಾನು ಗುಂಡಿ. ಒಬ್ಬಳು ಎದ್ದುಹೋದರೆ ಅವಳ ಮುಂದೆ ಬಟ್ಟೆ ಗುಡ್ಡೆ ಬೀಳುತ್ತದೆ, ಅವಳ ಆಚೆಗಿನವಳು ಕೈ ಕಟ್ಟಿ ಕೂರುತ್ತಾಳೆ. ಹಾಗಾಗಿ ಯಾರೂ ಏಳಬಾರದು. ಆದರೆ ಮನುಷ್ಯರಿಗೆ ಉಚ್ಚೆ ಬರುತ್ತದಲ್ಲ, ಅದಕ್ಕೇನು ಮಾಡುವುದು? ಅದಕ್ಕೇ ಬಿಲ್ಲೆ.

ಬಿಲ್ಲೆ ಎಂದರೆ ಅಂಗೈಯಗಲದ ಮರದ ತುಂಡು. ಕೆಂಪು ಬಣ್ಣ ಬಳಿದು, ತೂತು ಕೊರೆದು, ದಾರ ಕಟ್ಟಿ ಸೂಪರ್‌ವೈಸರ್ ಮೇಜಿನ ಹಿಂದಿನ ಮೊಳೆಗೆ ನೇತುಹಾಕಿದ್ದಾರೆ. ಕಕ್ಕಸಿಗೆ ಹೋಗುವವಳು ಅದನ್ನು ಕೊರಳಿಗೆ ಹಾಕಿಕೊಂಡೇ ಹೋಗಬೇಕು, ಬಂದು ಮತ್ತೆ ಮೊಳೆಗೆ ಹಾಕಬೇಕು. ನಲವತ್ತು ಜನಕ್ಕೆ ಒಂದೇ ಬಿಲ್ಲೆ. ಅದನ್ನು ತೆಗೆದುಕೊಳ್ಳಲು ಹೋದಾಗಲೆಲ್ಲ ಸೂಪರ್‌ವೈಸರ್ ಇಡೀ ಹಾಲಿಗೆ ಕೇಳುವ ಹಾಗೆ, "ಏನಮ್ಮಾ, ಮತ್ತೆ ಬಂತಾ?" ಅನ್ನುತ್ತಾನೆ. ಮಧ್ಯಾಹ್ನ ಊಟದ ಅರ್ಧ ಗಂಟೆ ಮಾತ್ರ ಬಿಲ್ಲೆ ಬೇಕಿಲ್ಲ. ಆಗ ಹಿತ್ತಲಿನ ಎರಡು ಕಕ್ಕಸಿನ ಮುಂದೆ ಸಾಲು ನಿಂತು, ನಿಂತಲ್ಲೇ ಊಟ ಮುಗಿಸುತ್ತೇವೆ.

ಸೂಪರ್‌ವೈಸರ್‌ಗೆ ಅಮ್ಮ ಇಟ್ಟ ಹೆಸರು 'ಕಾಲರ್'. ಅವನ ಕತ್ತು ಒಳಗೆ ಗಟ್ಟಿ ಬಟ್ಟೆ ಇಟ್ಟು ಹೊಲಿದ ಹಾಗೆ ನೆಟ್ಟಗಿರುತ್ತದೆ. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಬೇಕು, ಕೆಳಗಂತೂ ನೋಡುವುದೇ ಇಲ್ಲ. ಯಜಮಾನರಿಗೆ 'ಇಸ್ತ್ರಿ'. ಅವರ ಬಟ್ಟೆಯಲ್ಲಿ, ಮುಖದಲ್ಲಿ, ಮಾತಿನಲ್ಲಿ ಎಲ್ಲೂ ಒಂದು ಸುಕ್ಕಿಲ್ಲ. ಹೀಗೆ ಒಬ್ಬರನ್ನೂ ಬಿಡದೆ ಹೆಸರಿಟ್ಟವಳನ್ನು ಹಿಡಿದು ಅವರು ಆಮೇಲೆ 'ಬಾಯಿಲ್ಲದ ಮಹಾತಾಯಿ' ಎಂದು ಭಾಷಣ ಮಾಡಿದರು.

ಅಪ್ಪನಿಗೆ ಅವಳಿಟ್ಟ ಹೆಸರು 'ಮಹಾರಾಜ'. ಅಪ್ಪ ಒಂದು ಗೋದಾಮಿನ ಕಾವಲುಗಾರನಾಗಿದ್ದ. ಕುರ್ಚಿಯಲ್ಲಿ ಕೂತಿರುವ ಕೆಲಸ. ಕೆಲಸ ಬಿಟ್ಟ ಮೇಲೂ ಮನೆಯಲ್ಲಿ ಅದನ್ನೇ ಮುಂದುವರಿಸಿದ. ಕೂತಲ್ಲಿಂದಲೇ "ನೀರು" ಅನ್ನುತ್ತಿದ್ದ. ಅಮ್ಮ ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುವ ಮುಂಚೆ ಲೋಟ ಹಿಡಿದು ನಿಲ್ಲುತ್ತಿದ್ದಳು. "ತಗೊಳ್ರೀ, ಕೈ ನೋವಾಗತ್ತೆ, ಬೇಕಾದ್ರೆ ನಾನೇ ಕುಡಿಸ್ಲಾ?" ಎಂದು ಕೇಳುತ್ತಿದ್ದಳು. ಅಪ್ಪನಿಗೆ ಅದು ಪ್ರೀತಿ ಅನ್ನಿಸುತ್ತಿತ್ತು. ಪ್ರೀತಿ ಇರಲಿಲ್ಲ ಎಂದೂ ನಾನು ಹೇಳಲಾರೆ. ಅವನಿಗೆ ಜ್ವರ ಬಂದರೆ ರಾತ್ರಿಯಿಡೀ ಬೈಯುತ್ತಾ ಪಕ್ಕದಲ್ಲೇ ಕೂತಿರುತ್ತಿದ್ದಳು.

ಮನೆಗೆಲ್ಲ ನೀರು ತುಂಬಿಸುತ್ತಿದ್ದವಳು ಅವಳೇ. ಬೀದಿಯ ನಲ್ಲಿಯಿಂದ ಬೆಳಿಗ್ಗೆ ಏಳು ಕೊಡ. ಆದರೆ ಅದರಲ್ಲಿ ಅವಳು ಕುಡಿಯುತ್ತಿದ್ದುದು ಒಂದೇ ಗುಟುಕು. ನಾನು ಕೆಲಸಕ್ಕೆ ಸೇರಿದ ದಿನ ಅವಳು ಕಲಿಸಿದ ಮೊದಲ ಪಾಠವೂ ಅದೇ.

"ಬೆಳಿಗ್ಗೆ ನೀರು ಕುಡೀಬೇಡ ಕಣೇ. ಬಾಯಿ ಒದ್ದೆ ಮಾಡ್ಕೋ ಸಾಕು. ಕುಡಿದ್ರೆ ಹತ್ತು ಗಂಟೆಗೆ ಹೋಗಿ ಆ ಕಾಲರ್ ಮುಂದೆ ನಿಂತ್ಕೋಬೇಕು."

"ನಿಂತ್ರೆ ಏನಮ್ಮ? ಎಲ್ರೂ ನಿಲ್ತಾರಲ್ಲ."

"ನಾನು ನಿಲ್ಲಲ್ಲ. ಕೊರಳಿಗೆ ಬಿಲ್ಲೆ ಹಾಕ್ಕೊಂಡು ಹೋಗಕ್ಕೆ ನಾನೇನು ದನಾನಾ? ಹದಿನಾರು ವರ್ಷ ಆಯ್ತು, ಒಂದು ದಿನ ಅದನ್ನ ಮುಟ್ಟಿಲ್ಲ. ಉರ್ಕೊಂಡು ಸಾಯ್ಲಿ ಅವನು."

ಅಮ್ಮನ ಬಂಡಾಯ ಇಷ್ಟೇ. ಅವಳ ಜೀವನದ ದೊಡ್ಡ ತಪ್ಪೂ ಇದೇ. ಬಿಲ್ಲೆ ಕೇಳದೆ ಅವರನ್ನು ಸೋಲಿಸುತ್ತಿದ್ದೇನೆ ಎಂದುಕೊಂಡಿದ್ದಳು. ಕಾಲರ್ ಉರಿದುಕೊಳ್ಳಲಿಲ್ಲ. ಅವನಿಗೆ ಅದಕ್ಕಿಂತ ಬೇಕಾದ್ದು ಏನೂ ಇರಲಿಲ್ಲ. ಉರಿ ಶುರುವಾದದ್ದು ಅಮ್ಮನಿಗೇ, ಉಚ್ಚೆಯಲ್ಲಿ. ಆಮೇಲೆ ಸೊಂಟ ನೋವು, ಆಮೇಲೆ ಕಾಲಿನ ಬಾವು. ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ಕೇಳಿದರು.

"ದಿನಕ್ಕೆ ಎಷ್ಟು ನೀರು ಕುಡೀತೀರಿ?"

"ಏಳು ಕೊಡ ತುಂಬಿಸ್ತೀನಿ ಡಾಕ್ಟ್ರೇ."

"ತುಂಬಿಸೋದಲ್ಲಮ್ಮ, ಕುಡಿಯೋದು."

ಅಮ್ಮ ನನ್ನ ಮುಖ ನೋಡಿದಳು. ಉತ್ತರ ನನಗೂ ಗೊತ್ತಿತ್ತು, ನಾನೂ ಬಾಯಿ ಬಿಡಲಿಲ್ಲ. ಎರಡೂ ಕಿಡ್ನಿ ಕೆಟ್ಟಿವೆ, ನೀರು ಕುಡಿಯದೆ, ಉಚ್ಚೆ ತಡೆದು ತಡೆದು ಹೀಗಾಗಿದೆ, ಬಹಳ ತಡವಾಯಿತು ಎಂದು ಡಾಕ್ಟರಮ್ಮ ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದರು. ನಾಲ್ಕು ತಿಂಗಳಲ್ಲಿ ಅಮ್ಮ ಹೋದಳು. ಮೂರನೇ ದಿನ ಅವಳ ಯಂತ್ರದ ಮುಂದೆ ಹೊಸಬಳೊಬ್ಬಳು ಕೂತಿದ್ದಳು.

ಹತ್ತು ದಿನ ಕಳೆದು ಕಾಲರ್ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಹಾಳೆ.

"ನಿಮ್ಮ ತಾಯಿ ಹೆಸರಲ್ಲಿ ಸಭೆ ಇಟ್ಕೊಂಡಿದೀವಮ್ಮ. ಯಜಮಾನರೇ ಬರ್ತಾರೆ. ನೀನು ಇದನ್ನ ಓದಿದ್ರೆ ಸಾಕು."

ಹಾಳೆಯಲ್ಲಿ ಹೀಗಿತ್ತು: ನನ್ನ ತಾಯಿ ಆದರ್ಶ ಪತ್ನಿ, ಆದರ್ಶ ಮಾತೆ. ಕಾರ್ಖಾನೆಯನ್ನೇ ಮನೆ ಎಂದು ತಿಳಿದು ಇಪ್ಪತ್ತೆರಡು ವರ್ಷ ಒಮ್ಮೆಯೂ ಬಿಲ್ಲೆ ಮುಟ್ಟದೆ ದುಡಿದ ತಪಸ್ವಿನಿ. ವಂಶಪಾರಂಪರ್ಯವಾಗಿ ಬಂದ ಕಾಯಿಲೆಯಿಂದ ನಮ್ಮನ್ನು ಅಗಲಿದರು. ಅವರ ನೆನಪಿಗೆ, ವರ್ಷದಲ್ಲಿ ಅತಿ ಕಡಿಮೆ ಬಾರಿ ಬಿಲ್ಲೆ ಪಡೆದ ಕೆಲಸಗಾರ್ತಿಗೆ 'ನಿಷ್ಠಾಮಾತೆ' ಪ್ರಶಸ್ತಿ.

"ವಂಶದಲ್ಲಿ ಯಾರಿಗೂ ಈ ಕಾಯಿಲೆ ಇರ್ಲಿಲ್ಲ ಸರ್," ಎಂದೆ.

"ಇರತ್ತೆ ಬಿಡಮ್ಮ, ನಿಮಗೆ ಗೊತ್ತಿರಲ್ಲ. ಓದಿಬಿಡು. ಮುಂದಿನ ತಿಂಗಳಿಂದ ನೀನು ನನ್ನ ಮೇಜಿನ ಹತ್ರಾನೇ ಕೂತ್ಕೋಬಹುದು. ಬಿಲ್ಲೆ ಕೊಡೋದು, ಈಸ್ಕೊಳ್ಳೋದು ನಿನ್ನ ಕೆಲಸ."

ಅವನು ಹೋದ ಮೇಲೆ ಅಪ್ಪ ಹಾಳೆಯನ್ನು ಎರಡು ಸಲ ಓದಿಸಿಕೊಂಡ. ಕಣ್ಣು ಒರೆಸಿಕೊಂಡ. "ಆದರ್ಶ ಪತ್ನಿ! ಎಷ್ಟು ಚೆನ್ನಾಗಿ ಬರ್ದಿದಾರೆ ನೋಡು. ನಿನಗೂ ಸುಮ್ನೆ ಕೂತಿರೋ ಕೆಲಸ ಸಿಕ್ತು," ಎಂದ. ಆಮೇಲೆ, "ನೀರು," ಎಂದ.

ನಾನು ತಂದುಕೊಟ್ಟೆ. ಅಭ್ಯಾಸ. ಅವತ್ತು ರಾತ್ರಿ ನನಗೆ ಬಂದ ಸಿಟ್ಟು ಕಾರ್ಖಾನೆಯ ಮೇಲಲ್ಲ, ಅಮ್ಮನ ಮೇಲೆ. ಎಲ್ಲರಿಗೂ ಬಾಯಿಗೆ ಬಂದದ್ದು ಅನ್ನುತ್ತಿದ್ದವಳು, 'ಉಚ್ಚೆ ಬಂದಿದೆ, ದಾರಿ ಬಿಡಿ' ಎಂಬ ಒಂದು ಮಾತು ಯಾಕೆ ಅನ್ನಲಿಲ್ಲ? ಸಿಟ್ಟಿನಲ್ಲಿ ಅತ್ತೆ. ಹಾಳೆ ಓದಿದರೆ ನಲವತ್ತು ಹೆಂಗಸರ ಬೆನ್ನಿಗೆ ಅಮ್ಮನೇ ಬಾರುಕೋಲಾಗುತ್ತಾಳೆ. ಓದದಿದ್ದರೆ ನನ್ನ ಕೆಲಸ ಹೋಗುತ್ತದೆ. ಓದುವುದೆಂದೇ ತೀರ್ಮಾನಿಸಿದೆ. ಸುಳ್ಳೇಕೆ ಹೇಳಲಿ, ಸುಮ್ಮನೆ ಕೂತಿರುವ ಕೆಲಸದ ಆಸೆ ನನಗೂ ಇತ್ತು.

ಸಭೆಯನ್ನು ಊಟದ ಹೊತ್ತಿಗೇ ಇಟ್ಟಿದ್ದರು. ಕೆಲಸ ಕೆಡಬಾರದಲ್ಲ. ಯಂತ್ರಗಳ ಮಧ್ಯೆ ಒಂದು ಮೇಜು, ಅದರ ಮೇಲೆ ಅಮ್ಮನ ದೊಡ್ಡ ಫೋಟೋ, ಯಜಮಾನರಿಗೆ ಕುರ್ಚಿ, ಅಪ್ಪನಿಗೂ ಕುರ್ಚಿ. ಅಪ್ಪ ಕುರ್ಚಿ ಕಂಡದ್ದೇ ತಡ ಕೂತ. "ಸಭೆ ಮುಗಿಯೋವರೆಗೂ ಯಾರೂ ಏಳಬಾರ್ದು," ಎಂದು ಕಾಲರ್ ಹೇಳಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಡೀ ದಿನದಲ್ಲಿ ಬಿಲ್ಲೆ ಇಲ್ಲದೆ ಹೋಗಬಹುದಾದ ಅರ್ಧ ಗಂಟೆ ಅದೊಂದೇ.

ಇಸ್ತ್ರಿ ಯಜಮಾನರು ತಡವಾಗಿ ಬಂದರು. ಬಂದು ತಡೆಯಿಲ್ಲದೆ ಬಹಳ ಹೊತ್ತು ಮಾತಾಡಿದರು. ಕೊನೆಗೆ ಪ್ರಶಸ್ತಿಯ ಮೇಲಿನ ಬಟ್ಟೆ ಸರಿಸಿದರು. ಗೋಡೆ ಗಡಿಯಾರ. ಅದರೊಳಗೆ ಅಮ್ಮನ ಮುಖ. ಎರಡು ಮುಳ್ಳೂ ಅವಳ ಮೂಗಿನ ಮೇಲಿಂದ ಹೊರಟಿದ್ದವು.

"ಈ ಮುಖ ನೋಡಿ," ಎಂದರು ಯಜಮಾನರು ಫೋಟೋ ತೋರಿಸುತ್ತಾ. "ಎಂಥ ಸಹನೆ! ಎಂಥ ಶಾಂತಿ! ನಿಮ್ಮ ಮುಖದಲ್ಲೂ ನಾನು ಇದನ್ನೇ ನೋಡಬೇಕು ಅಂತಿದೀನಿ."

ಅಪ್ಪ ಜೋರಾಗಿ ಬಿಕ್ಕಿದ. ಕಾಲರ್ ನನಗೆ ಕಣ್ಸನ್ನೆ ಮಾಡಿದ. ನಾನು ಹಾಳೆ ಹಿಡಿದು ಎದ್ದೆ.

"ನನ್ನ ತಾಯಿ ಆದರ್ಶ ಪತ್ನಿ..." ಎಂದು ಶುರು ಮಾಡಿದೆ. ತಲೆ ಎತ್ತಿದಾಗ ಮುಂದೆ ತೋಳಿನಕ್ಕ ಕಂಡಳು. ಅಂಗಿಗೆ ತೋಳು ಜೋಡಿಸುವವಳು, ಏಳು ತಿಂಗಳ ಬಸುರಿ. ದಿನಕ್ಕೆ ಮೂರು ಸಲ ಬಿಲ್ಲೆ ಕೇಳುತ್ತಾಳೆಂದು ಹಿಂದಿನ ವಾರವಷ್ಟೇ ಕಾಲರ್ ಅವಳನ್ನು ಎಲ್ಲರೆದುರು ನಿಲ್ಲಿಸಿ ಬೈದಿದ್ದ. ಅವಳು ತೊಡೆ ಬಿಗಿ ಹಿಡಿದು, ತುಟಿ ಒತ್ತಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದಳು. ನಾನು ಫೋಟೋ ನೋಡಿದೆ. ಅವಳನ್ನು ನೋಡಿದೆ. ಎರಡೂ ಒಂದೇ ಮುಖ.

ಆ ಫೋಟೋ ತೆಗೆದ ದಿನ ನನಗೆ ನೆನಪಾಯಿತು. ಇಪ್ಪತ್ತು ವರ್ಷದ ಸೇವೆಗೆಂದು ಅಮ್ಮನಿಗೆ ಸನ್ಮಾನ ಮಾಡಿ, ಬಹುಮಾನವಾಗಿ ನೀರಿನ ಜಗ್ ಕೊಟ್ಟಿದ್ದರು. ಅವತ್ತು ಇಬ್ಬರೂ ಮನೆ ಮುಟ್ಟುತ್ತಲೇ ಅಮ್ಮ ಜಗ್ಗನ್ನು ನನ್ನ ಕೈಗೆಸೆದು ಸೀದಾ ಹಿತ್ತಲಿಗೆ ಓಡಿದ್ದಳು.

ನಾನು ಹಾಳೆ ಮಡಚಿದೆ.

"ಸರ್, ಇದು ಶಾಂತಿಯ ಮುಖ ಅಲ್ಲ," ಎಂದೆ. "ಅವತ್ತು ನೀವು ಎರಡು ಗಂಟೆ ತಡವಾಗಿ ಬಂದ್ರಿ. ಅಮ್ಮನಿಗೆ ಒಂದಕ್ಕೆ ಬಂದಿತ್ತು. ತಡ್ಕೊಂಡು ನಿಂತಿದ್ಳು. ಈ ಫೋಟೋದಲ್ಲಿರೋದು ಅದು."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ಅಮ್ಮ ಸತ್ತಿದ್ದು ವಂಶದ ಕಾಯಿಲೆಯಿಂದ ಅಲ್ಲ. ನೀರು ಕುಡೀದೆ, ಉಚ್ಚೆ ತಡ್ಕೊಂಡು ಕಿಡ್ನಿ ಹೋಗಿ ಸತ್ಲು. ಡಾಕ್ಟರಮ್ಮ ನನ್ನ ಮುಂದೇನೇ ಹೇಳಿದ್ರು. ಬಿಲ್ಲೆ ಮುಟ್ಟದೇ ಇದ್ದಿದ್ದು ಭಕ್ತಿಯಿಂದ ಅಲ್ಲ ಸರ್. ನಿಮ್ಮ ಮೇಲಿನ ಸಿಟ್ಟಿಗೆ. ನಿಮಗೆ ಇಸ್ತ್ರಿ ಅಂತ ಹೆಸರಿಟ್ಟಿದ್ಳು."

"ಏಯ್, ಕೂತ್ಕೋ!" ಕಾಲರ್ ಕೂಗಿದ.

"ಕೂರಲ್ಲ. ತೋಳಿನಕ್ಕಾ, ನಿನಗೆ ಹೋಗ್ಬೇಕಾ?"

ತೋಳಿನಕ್ಕ ಒಂದು ಕ್ಷಣ ಕಾಲರ್ ಕಡೆ ನೋಡಿದಳು. ಆಮೇಲೆ ಎರಡೂ ಕೈ ಮಂಡಿಯ ಮೇಲೂರಿ, ಹೊಟ್ಟೆ ಹಿಡಿದು ಎದ್ದಳು. "ಬೆಳಿಗ್ಗೆಯಿಂದ ಹೋಗ್ಬೇಕು ಕಣೇ," ಎಂದಳು.

"ಬಿಲ್ಲೆ ಇಲ್ದೆ ಒಬ್ಬಳೂ ಹೋಗೋ ಹಾಗಿಲ್ಲ!" ಎಂದ ಕಾಲರ್.

ಜೇಬು ಹೊಲಿಯುವ ಜೇಬಜ್ಜಿ ಎದ್ದಳು. ನಮ್ಮಲ್ಲೆಲ್ಲ ಹಿರಿಯಳು, ಅಮ್ಮನ ಪಕ್ಕದಲ್ಲೇ ಇಪ್ಪತ್ತೆರಡು ವರ್ಷ ಕೂತವಳು. ಸೀದಾ ಹೋಗಿ ಮೊಳೆಯಿಂದ ಬಿಲ್ಲೆ ತೆಗೆದಳು. "ಸ್ವಲ್ಪ ಬಗ್ಗಪ್ಪ," ಎಂದಳು. ಅವನ ಕತ್ತೆಲ್ಲಿ ಬಗ್ಗುತ್ತದೆ? ಅಜ್ಜಿಯೇ ಸ್ಟೂಲಿನ ಮೇಲೆ ಕಾಲಿಟ್ಟು ಅವನ ಕೊರಳಿಗೆ ದಾರ ಇಳಿಬಿಟ್ಟಳು. "ನೀನೇ ಇಟ್ಕೋ. ನಿನಗೆ ಬಂದಾಗ ಬೇಕಾಗತ್ತೆ."

ಆಮೇಲೆ ಕುರ್ಚಿ, ಸ್ಟೂಲುಗಳ ಸದ್ದು. ಒಬ್ಬಳು ಎದ್ದಳು, ಇಬ್ಬರು, ಹತ್ತು ಜನ. ಅಮ್ಮನ ಜಾಗಕ್ಕೆ ಬಂದ ಹೊಸಬಳೂ ಎದ್ದಳು.

ಯಜಮಾನರ ಮುಖದಲ್ಲಿ ಮೊದಲ ಸಲ ಸುಕ್ಕು ಕಂಡಿತು. "ಈಗ ಹೋದವರು ನಾಳೆಯಿಂದ ಬರಬೇಕಾಗಿಲ್ಲ," ಎಂದರು.

"ನಲವತ್ತು ಜನಾನೂ ಬೇಡ್ವಾ ಸರ್?" ಜೇಬಜ್ಜಿ ತಿರುಗಿ ನಿಂತು ಕೇಳಿದಳು. "ನಾಡಿದ್ದು ಮಾಲು ತಗೊಂಡು ಹೋಗಕ್ಕೆ ಲಾರಿ ಬರತ್ತಲ್ಲ, ಆ ಅಂಗಿಗಳಿಗೆ ಕಾಲರ್ ಕೂರಿಸೋರು ಯಾರು? ನೀವೇ ಕೂತ್ಕೊಳ್ಳಿ. ಬಿಲ್ಲೆ ಇವನ ಹತ್ರ ಇದೆ."

ಯಜಮಾನರು ಬೆನ್ನು ತಿರುಗಿಸಿದರು. ಆಫೀಸಿನ ಕಡೆ ನಡೆದರು. ಕಾಲರ್ ಅವರ ಹಿಂದೆ ಓಡಿದ, ಎದೆಯ ಮೇಲೆ ಬಿಲ್ಲೆ ಕುಣಿಯುತ್ತಿತ್ತು. ಅವನಿಗೆ ಅದು ಕಾಣುತ್ತಿರಲಿಲ್ಲ.

ಮೇಜಿನ ಮೇಲೆ ಯಜಮಾನರಿಗೆಂದು ಇಟ್ಟಿದ್ದ ನೀರಿನ ಬಾಟಲಿ ಹಾಗೇ ಇತ್ತು. ನಾನು ಮುಚ್ಚಳ ತೆಗೆದು, ಅಮ್ಮನ ಫೋಟೋದ ಮುಂದೆಯೇ ನಿಂತು, ಪೂರ್ತಿ ಕುಡಿದೆ. ಸೆರಗಿನ ಮೇಲೆಲ್ಲ ಚೆಲ್ಲಿತು. ಆರು ವರ್ಷದಲ್ಲಿ ಕಾರ್ಖಾನೆಯೊಳಗೆ ನಾನು ಹೊಟ್ಟೆ ತುಂಬ ಕುಡಿದ ನೀರು ಅದೇ ಮೊದಲು. ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂದು ಭಯವಾಗುತ್ತಿತ್ತು, ನಗುವೂ ಬರುತ್ತಿತ್ತು.

ಹಿತ್ತಲಿಗೆ ಹೋದೆ. ಸಾಲು ಗೋಡೆಯವರೆಗೂ ಬೆಳೆದಿತ್ತು, ಅದರ ಕೊನೆಗೆ ನಾನೂ ನಿಂತೆ. ತೋಳಿನಕ್ಕ ಆಗಲೇ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಕಾಲು ಚಾಚಿದ್ದಳು. ಅಮ್ಮ ಇಟ್ಟ ಹೆಸರುಗಳನ್ನೆಲ್ಲ ಒಬ್ಬೊಬ್ಬರೂ ಗಟ್ಟಿಯಾಗಿ ಹೇಳಿಕೊಂಡು ನಗುತ್ತಿದ್ದರು. ನನಗೇ ಗೊತ್ತಿಲ್ಲದ ಹೆಸರುಗಳೂ ಇದ್ದವು. ಒಳಗೆ ಯಂತ್ರಗಳು ಸುಮ್ಮನಿದ್ದವು.

ಅಪ್ಪ ಹುಡುಕಿಕೊಂಡು ಬಂದ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದ.

"ಏನೇ ಮಾಡ್ಬಿಟ್ಟೆ ಇದು! ಆಫೀಸಿಗೆ ಬೀಗ ಹಾಕ್ಕೊಂಡ್ಬಿಟ್ರು. ಕಕ್ಕಸು ಅದ್ರೊಳಗಿತ್ತಂತೆ. ನನಗೂ ಆಗಲಿಂದ ಬಂದಿದೆ, ಎಲ್ಲಿ ಹೋಗ್ಲಿ?"

"ಇಲ್ಲೇ ಅಪ್ಪ. ಸಾಲಿನ ಕೊನೆಗೆ ನಿಂತ್ಕೋ."

"ಇಷ್ಟು ಜನ ಮುಗಿಯೋ ಹೊತ್ತಿಗೆ... ನನ್ನ ಕೈಲಿ ತಡ್ಕೊಳ್ಳಕ್ಕಾಗಲ್ಲ ಕಣೇ."

"ಅಮ್ಮ ಇಪ್ಪತ್ತೆರಡು ವರ್ಷ ತಡ್ಕೊಂಡ್ಳು. ನೀನು ನಲವತ್ತು ಜನ ತಡ್ಕೋ."

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಬಂದು ನನ್ನ ಹಿಂದೆ, ಎಲ್ಲರಿಗಿಂತ ಕೊನೆಗೆ ನಿಂತ.